ಜೋಡಿಗಳ ಊರು ಎನ್ನುವ ವೆನಿಸ್‌ಗೆ ದಸರಾ ರಜೆಯಲ್ಲಿ ಒಬ್ಬಳೇ ಹೋಗಬಹುದೇ?

ಬಿಜೈ ಟೀಚರ್

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ವಯಸ್ಸು 49. ಮದುವೆಯಾಗಿಲ್ಲ, ಆಗುವ ಅಂದಾಜೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಪ್ರಶ್ನೆಯ ತಕರಾರು ಇರುವುದೇ ಅಲ್ಲಿ.

ಇಪ್ಪತ್ತನಾಲ್ಕು ವರ್ಷಗಳಿಂದ ಮಕ್ಕಳಿಗೆ ಒಂದೇ ಕಥೆ ಹೇಳುತ್ತಾ ಬಂದಿದ್ದೇನೆ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದರು, ಪೂರ್ವದ ವ್ಯಾಪಾರ ಇಟಲಿಯವರ ಮುಷ್ಟಿಯಲ್ಲಿತ್ತು, ಹೊಸ ದಾರಿ ಹುಡುಕಿಕೊಂಡು ಪೋರ್ಚುಗೀಸರು 1498ರಲ್ಲಿ ನಮ್ಮ ಕರಾವಳಿಗೆ ಬಂದರು. ಹೇಳುವಾಗಲೆಲ್ಲ ಗೋಡೆಯ ಭೂಪಟದಲ್ಲಿ ವೆನಿಸ್ ಇರುವಲ್ಲಿಗೆ ಬೆತ್ತದ ತುದಿ ಇಡುತ್ತೇನೆ. ಇಟ್ಟು ಇಟ್ಟು ಅಲ್ಲೀಗ ತೂತು ಬಿದ್ದಿದೆ. ಈ ವರ್ಷದ ಮಕ್ಕಳಿಗೆ ನಾನು ತೋರಿಸಿದ್ದು ಊರನ್ನಲ್ಲ, ಭೂಪಟದ ಹಿಂದಿನ ಸುಣ್ಣವನ್ನು.

ಚೀಟಿಯ ಹಣ ಕೈಗೆ ಬಂದಿದೆ, ಹೋಗಿ ಬರೋಣ ಎಂದು ಮನಸ್ಸು ಮಾಡಿದೆ. ಮನೆಯಲ್ಲಿ ಹೇಳಿದಾಗ ಅಣ್ಣ ಕೇಳಿದ, “ಅದು ಹನಿಮೂನಿನ ಊರಲ್ಲವೇ? ಕಾಶಿಗೆ ಹೋಗು, ಟಿಕೆಟ್ ನಾನು ಕೊಡಿಸುತ್ತೇನೆ.” ಅತ್ತಿಗೆ ಏನೂ ಹೇಳಲಿಲ್ಲ, ಕಾವಲಿಯ ಮೇಲಿದ್ದ ನೀರುದೋಸೆಯನ್ನು ಮಗುಚಿ ಹಾಕಿದರು. ನೀರುದೋಸೆ ಮಗುಚುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ಯಾರ ಜೊತೆ?

ಈಗ ನನಗೂ ಅಳುಕು ಶುರುವಾಗಿದೆ. ಮೊಬೈಲಿನಲ್ಲಿ ನೋಡಿದ ಚಿತ್ರಗಳಲ್ಲೆಲ್ಲ ಗೊಂಡೋಲಾದಲ್ಲಿ ಇಬ್ಬರು, ಮೇಜಿನ ಎದುರು ಇಬ್ಬರು, ಸೇತುವೆಯ ಮೇಲೆ ಇಬ್ಬರು. ನಡುವೆ ನಾನೊಬ್ಬಳು ಕೊಡೆ ಹಿಡಿದು ನಿಂತರೆ ಹೇಗಿರುತ್ತದೆ? ಹೋಟೆಲಿನಲ್ಲಿ ಒಬ್ಬಳೇ ಊಟಕ್ಕೆ ಕೂತರೆ ಮೂಲೆಗೆ ತಳ್ಳುತ್ತಾರೆಯೇ? ನಾನು ಸಸ್ಯಾಹಾರಿ ಬೇರೆ. ಮೆಸ್ತ್ರೆ ಎಂಬಲ್ಲಿ ಅರ್ಧ ಬೆಲೆಗೆ ಕೋಣೆ ಸಿಕ್ಕಿದೆ, ರದ್ದು ಮಾಡಲು ಇನ್ನೂ ಸಮಯವಿದೆ. ಐದು ರಾತ್ರಿ ಇರುವ ಯೋಚನೆ. ಅಕ್ಟೋಬರ್‌ನಲ್ಲಿ ಅಲ್ಲಿ ನೀರು ಉಕ್ಕುತ್ತದೆ ಎಂದೂ ಕೇಳಿದೆ. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. “ಧೈರ್ಯವಾಗಿ ಹೋಗಿ, ಶುಭವಾಗಲಿ” ಎಂದಷ್ಟೇ ಬರೆಯಬೇಡಿ. ಧೈರ್ಯ ಇದೆ, ಮಾಹಿತಿ ಇಲ್ಲ.

ಪಡೀಲ್ ಪಾದೋವಾ

ಟೀಚರ್, ನಾನು ಪಾದೋವಾದಲ್ಲಿ ಎರಡು ವರ್ಷ ಓದಿದವನು, ಅಲ್ಲಿಂದ ವೆನಿಸ್‌ಗೆ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸು. ಮೊದಲು ಕಾಗದಪತ್ರದ ವಿಷಯ ಹೇಳುತ್ತೇನೆ. ಇಟಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ 90 ಯೂರೋ ಶುಲ್ಕ, ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ಪ್ರಯಾಣ ವಿಮೆ ಬೇಕೇ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಆದ್ದರಿಂದ ದಸರಾ ಹತ್ತಿರ ಬರಲಿ ಎಂದು ಕಾಯಬೇಡಿ. ಬೆರಳಚ್ಚು ಕೊಡಲು ನಾನು ಬೆಂಗಳೂರಿಗೇ ಹೋಗಿದ್ದೆ. ಶಾಲೆಯಿಂದ ರಜೆ ಮಂಜೂರಾದ ಪತ್ರ ಬರೆಸಿಟ್ಟುಕೊಳ್ಳಿ.

ಬಜ್ಪೆಯಿಂದ ದುಬೈಗೆ ಹೋಗಿ ಅಲ್ಲಿಂದ ವೆನಿಸ್‌ಗೆ ನೇರ ವಿಮಾನ ಹಿಡಿಯಬಹುದು. ಎರಡೂ ಬೇರೆ ಬೇರೆ ಟಿಕೆಟ್ ಆದರೆ ಜಾಗ್ರತೆ. ದುಬೈಯಲ್ಲಿ ಬ್ಯಾಗ್ ಹೊರಗೆ ತೆಗೆದುಕೊಳ್ಳಬೇಕಾಗಿ ಬಂದರೆ ಅಲ್ಲಿನ ವೀಸಾವೂ ಬೇಕಾಗುತ್ತದೆ. ನನ್ನ ಗೆಳೆಯನೊಬ್ಬ ಹೀಗೆಯೇ ಸಿಕ್ಕಿಬಿದ್ದ.

ಕೋಣೆಗೆ ಮೆಸ್ತ್ರೆಯೇ ಸಾಕು. ರೈಲಿನಲ್ಲಿ ಹತ್ತು ನಿಮಿಷ. ವೆನಿಸ್‌ನಲ್ಲಿ ಐದು ರಾತ್ರಿ ಮಾಡುವುದೇನಿದೆ? ಎರಡು ದಿನವೇ ಹೆಚ್ಚು.

ಕಾರ್‌ಸ್ಟ್ರೀಟ್ ಅಕ್ಕ

ಪಡೀಲಿನ ತಮ್ಮನ ವೀಸಾ ಲೆಕ್ಕ ಸರಿ. ಮೆಸ್ತ್ರೆಯ ಲೆಕ್ಕ ಪೂರ್ತಿ ತಪ್ಪು.

ಟೀಚರ್, ನನಗೆ 63. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಬೇರೆಯವರ ಹಣ ಎಣಿಸಿ ನಿವೃತ್ತಳಾದ ಮೇಲೆ ನನ್ನದನ್ನು ಎಣಿಸಿಕೊಂಡು ವೆನಿಸ್‌ಗೆ ಒಬ್ಬಳೇ ಹೋಗಿ ಬಂದೆ. ನಾನೂ ಮೊದಲ ರಾತ್ರಿ ಮೆಸ್ತ್ರೆಯಲ್ಲೇ ಇಳಿದೆ. “ವೆನಿಸ್‌ಗೆ ಅಂಟಿಕೊಂಡೇ ಇದೆ” ಎಂದು ಬುಕ್ ಮಾಡಿಕೊಟ್ಟವರು ಹೇಳಿದ್ದರು. ಅಂಟಿಕೊಂಡಿರುವುದು ನಿಜ, ಬಿ.ಸಿ. ರೋಡು ಮಂಗಳೂರಿಗೆ ಅಂಟಿಕೊಂಡಿರುವ ಹಾಗೆ. ಮೆಸ್ತ್ರೆ ಗಟ್ಟಿ ನೆಲದ ಮೇಲಿರುವ, ಕಾರು ಬಸ್ಸು ಓಡಾಡುವ ಸಾಮಾನ್ಯ ಊರು. ಅಲ್ಲಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಟವರೆಲ್ಲ ಒಟ್ಟಿಗೆ ಬಂದಿಳಿಯುತ್ತಾರೆ, ಸಂಜೆ ಒಟ್ಟಿಗೆ ಮರಳುತ್ತಾರೆ. ಅವರು ಬರುವ ಮೊದಲಿನ ಎರಡು ಗಂಟೆ, ಹೋದ ಮೇಲಿನ ಮೂರು ಗಂಟೆ, ಇದಕ್ಕಾಗಿಯೇ ನೀವು ದುಡ್ಡು ಕೊಡಬೇಕಾದದ್ದು. ಐದು ರಾತ್ರಿಯ ಹಣದಲ್ಲಿ ಮೂರೇ ರಾತ್ರಿ ಸಿಕ್ಕರೂ ಪರವಾಗಿಲ್ಲ, ದ್ವೀಪದ ಒಳಗೇ ಇರಿ. ಕನ್ನಾರೆಜೋ ಕಡೆ ನೋಡಿ, ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು, ಊರಿನ ಮುಖ್ಯ ಚೌಕವಾದ ಸಾನ್ ಮಾರ್ಕೋ ಕಡೆಯ ಬೆಲೆಯೂ ಇಲ್ಲ. 1516ರಲ್ಲಿ ಯಹೂದಿಗಳನ್ನು ಕೂಡಿಹಾಕಿದ ಗೆಟ್ಟೋ ಇರುವುದು ಆ ಭಾಗದಲ್ಲೇ. ಜಗತ್ತಿಗೆಲ್ಲ ಆ ಪದ ಹೋದದ್ದು ಅಲ್ಲಿಂದ. ನಿಮ್ಮ ಪಾಠಕ್ಕೂ ಆಯಿತು.

ದೊಡ್ಡ ಸೂಟ್‌ಕೇಸ್ ಬೇಡ. ಆ ಊರಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆ ಹತ್ತಿಳಿಯಲು ಮೆಟ್ಟಿಲುಗಳೇ. ನನ್ನ ಸೂಟ್‌ಕೇಸಿನ ಒಂದು ಚಕ್ರ ಎರಡನೆಯ ಸೇತುವೆಯಲ್ಲೇ ಕಳಚಿ ಕಾಲುವೆಗೆ ಬಿತ್ತು. ಉಳಿದ ದಾರಿಯುದ್ದಕ್ಕೂ ಅದನ್ನು ಕುಂಟ ಕರುವಿನ ಹಾಗೆ ಎಳೆದುಕೊಂಡು ಹೋದೆ.

ವಿಳಾಸವನ್ನು ನಂಬಬೇಡಿ. ಊರು ಆರು ಭಾಗವಾಗಿದೆ. ಮನೆ ನಂಬರ್ ಬೀದಿಗೆ ಒಂದರಂತೆ ಶುರುವಾಗುವುದಿಲ್ಲ, ಇಡೀ ಭಾಗಕ್ಕೆ ಒಂದರಿಂದ ಹಿಡಿದು ಸಾವಿರಗಟ್ಟಲೆ ಓಡುತ್ತದೆ. ಹತ್ತಿರದ ಚರ್ಚ್ ಯಾವುದು, ಸೇತುವೆ ಯಾವುದು ಎಂದು ಮನೆಯವರಿಂದ ಕೇಳಿ ಬರೆದಿಟ್ಟುಕೊಳ್ಳಿ. ಮೊಬೈಲಿನ ನಕ್ಷೆಗೆ ಆ ಓಣಿಗಳಲ್ಲಿ ತಲೆ ತಿರುಗುತ್ತದೆ. ಎರಡನೆಯ ಸಂಜೆ ನನಗೂ ತಿರುಗಿತು. ಮಳೆ ಹನಿಯುತ್ತಿತ್ತು, ಕೊಡೆ ಬಿಡಿಸಿದರೆ ಎರಡು ಬದಿಯ ಗೋಡೆಗೂ ತಾಗುವಷ್ಟು ಇಕ್ಕಟ್ಟಿನ ಓಣಿ. ನೇರ ಹೋಗು ಎಂದಿತು ನಕ್ಷೆ, ಹೋದೆ. ಓಣಿ ಮುಗಿದಲ್ಲಿ ನಾಲ್ಕು ಮೆಟ್ಟಿಲು, ಮೇಲಿನ ಎರಡು ಒಣಗಿದ್ದವು, ಮೂರನೆಯದರಲ್ಲಿ ಹಸಿರು ಪಾಚಿ, ನಾಲ್ಕನೆಯದು ನೀರಿನೊಳಗೆ. ದೇವಸ್ಥಾನದ ಕೆರೆಯ ಮೆಟ್ಟಿಲೇ. ಕಾಲು ತೊಳೆದು ಕೈ ಮುಗಿಯುವುದೊಂದು ಬಾಕಿ. ಮೇಲೆ ಕಿಟಕಿಯಲ್ಲಿ ಹಗ್ಗದಿಂದ ಬಟ್ಟೆ ಎಳೆದುಕೊಳ್ಳುತ್ತಿದ್ದ ಹೆಂಗಸು ನನ್ನನ್ನು ನೋಡಿ, ಬಾಯಲ್ಲಿದ್ದ ಕ್ಲಿಪ್ಪು ತೆಗೆದು, ಬಂದ ದಾರಿಯನ್ನೇ ತೋರಿಸಿ “ಸೆಂಪ್ರೆ ದ್ರಿತ್ತೋ” ಎಂದಳು. ಸದಾ ನೇರ ಎಂದರ್ಥ. ಅಲ್ಲಿ ಯಾರನ್ನು ದಾರಿ ಕೇಳಿದರೂ ಇದೇ ಉತ್ತರ, ನೇರ ದಾರಿಯಂತೂ ಇಡೀ ಊರಿನಲ್ಲಿ ಇಲ್ಲ. ನಮ್ಮವರು “ಇಲ್ಲೇ, ಮುಂದೆಯೇ” ಎಂದು ಮೂರು ಕಿಲೋಮೀಟರ್ ನಡೆಸುವ ಹಾಗೆ. ಗೋಡೆಗಳ ಮೇಲೆ ಹಳದಿ ಫಲಕಗಳಿವೆ, ‘ಪೆರ್ ರಿಯಾಲ್ತೋ’, ‘ಪೆರ್ ಸಾನ್ ಮಾರ್ಕೋ’ ಎಂದು. ಅವನ್ನು ಹಿಡಿದು ಹೋದರೆ ಎಲ್ಲಿಂದಲಾದರೂ ದಡ ಸೇರುತ್ತೀರಿ.

ಊಟಕ್ಕೆ ಮೂಲೆಯ ಮೇಜಿನ ಚಿಂತೆ ಬಿಡಿ. ಅಲ್ಲಿ ‘ಬಾಕರೋ’ ಎಂಬ ಸಣ್ಣ ಅಂಗಡಿಗಳಿವೆ. ಮರದ ಕಟ್ಟೆಯ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ‘ಚಿಕೆತ್ತಿ’ ಎಂಬ ತುಣುಕು ತಿಂಡಿಗಳು. ಬೆರಳು ತೋರಿಸಿ, ತಟ್ಟೆ ಹಿಡಿದು, ನಿಂತೇ ತಿನ್ನುವುದು. ಊರಿನವರೂ ಹೀಗೇ ತಿನ್ನುತ್ತಾರೆ. ನಮ್ಮಲ್ಲಿ ಹೋಟೆಲಿನ ಹೊರಗೆ ನಿಂತು ಗೋಳಿಬಜೆ ತಿನ್ನುವವನನ್ನು ಯಾರಾದರೂ “ಹೆಂಡತಿ ಎಲ್ಲಿ” ಎಂದು ಕೇಳುತ್ತಾರೆಯೇ? ಕೂತರೆ ಬೆಲೆ ಬೇರೆ, ತಲೆಗಿಷ್ಟು ಎಂದು ‘ಕೊಪೆರ್ತೋ’ ಬೇರೆ ಹಾಕುತ್ತಾರೆ. ನಿಲ್ಲುವುದು ಲಾಭ.

ನೀವು ಸಸ್ಯಾಹಾರಿ ಎಂದು ಓದಿ ನನಗೆ ಪಾಪ ಎನ್ನಿಸಿತು. ಏಕೆಂದರೆ ಅಲ್ಲಿನ ‘ಸಾರ್ದೆ ಇನ್ ಸಾವೋರ್’ ಬೇರೇನೂ ಅಲ್ಲ, ನಮ್ಮ ಬೂತಾಯಿ ಮೀನಿನ ದೂರದ ನೆಂಟ! ಹುರಿದು, ಹುಳಿ ಬರಿಸಿದ ದ್ರಾಕ್ಷಾರಸದಲ್ಲಿ ಬೇಯಿಸಿದ ಈರುಳ್ಳಿಯ ಕೆಳಗೆ ಹೂತು, ಮೇಲೆ ಒಣದ್ರಾಕ್ಷಿ ಹಾಕಿ ಇಡುತ್ತಾರೆ. ಹಡಗಿನವರು ಮೀನು ಕೆಡದಿರಲೆಂದು ಮಾಡಿಕೊಂಡ ಉಪಾಯ. ಮರುದಿನ ರುಚಿ ಹೆಚ್ಚು, ನಮ್ಮ ಪುಳಿಮುಂಚಿಯ ಹಾಗೆ. ಮೊದಲ ತುಂಡಿಗೆ ಒಣದ್ರಾಕ್ಷಿ ಏಕೆ ಎಂದು ಸಿಟ್ಟು ಬಂತು, ಮೂರನೆಯದಕ್ಕೆ ಇಳಿಯಿತು. ನಿಮಗೆ ಪೊಲೆಂತಾ ಎಂಬ ಮೆಕ್ಕೆಜೋಳದ ಮುದ್ದೆ, ಬದನೆ, ಕುಂಬಳಕಾಯಿ, ತ್ರಿಕೋನಾಕಾರದ ತ್ರಾಮೆಜ್ಜೀನೋ ಸ್ಯಾಂಡ್‌ವಿಚ್ ಇವೆ. ‘ಬಿಗೋಲಿ ಇನ್ ಸಾಲ್ಸಾ’ ಎಂಬುದು ಮಾತ್ರ ಕಣ್ಣಿಗೆ ಬರೀ ಈರುಳ್ಳಿ ಗೊಜ್ಜಿನ ಶಾವಿಗೆ, ಒಳಗೆ ಉಪ್ಪಿನಲ್ಲಿಟ್ಟ ಸಣ್ಣ ಮೀನು ಕರಗಿರುತ್ತದೆ. ಮೋಸ ಹೋಗಬೇಡಿ. ಮಾಂಸ ಬೇಡ ಎಂದರೆ ಮೀನು ತಂದಿಡುತ್ತಾರೆ, ಎರಡನ್ನೂ ಬೇಡ ಎನ್ನಬೇಕು.

ಇನ್ನು ಜೋಡಿಗಳ ವಿಷಯ. ಇದ್ದಾರೆ, ಇರಲಿ. ‘ನಿಟ್ಟುಸಿರಿನ ಸೇತುವೆ’ಯ ಕೆಳಗೆ ಗೊಂಡೋಲಾ ನಿಲ್ಲಿಸಿ ಮುತ್ತು ಕೊಡುವುದನ್ನು ಹಾಲುಬಿಳಿ ಕಲ್ಲಿನ ಸೇತುವೆ ಮೇಲಿನಿಂದ ನೋಡುತ್ತಿರುತ್ತದೆ. ಅದು ಪ್ರೇಮಿಗಳ ನಿಟ್ಟುಸಿರಲ್ಲ, ದೊರೆಯ ಅರಮನೆಯ ನ್ಯಾಯಸ್ಥಾನದಿಂದ ಜೈಲಿಗೆ ನಡೆಯುತ್ತಿದ್ದ ಕೈದಿಗಳದ್ದು. ಅದನ್ನು ತಿಳಿದೂ ಕೊಡುವವರು ಕೊಡಲಿ.

ನಾನು ಹೋದದ್ದಕ್ಕೆ ನನ್ನದೇ ಒಂದು ಕಾರಣವಿತ್ತು. ನಮ್ಮ ಅಜ್ಜಿಯ ಪುತ್ತಳಿ ಸರ ನನ್ನ ಪಾಲಿಗೆ ಬಂದಿದೆ. ನಾಣ್ಯದಂಥ ಬಿಲ್ಲೆಗಳ ಸರ. ಒಂದು ಬಿಲ್ಲೆಯಲ್ಲಿ ಇಬ್ಬರು ನಿಂತಿರುವಂತೆ ಕಾಣುತ್ತದೆ, ನಡುವೆ ಒಂದು ಕೋಲು. ರಾಮ ಸೀತೆ ಎಂದು ಅಜ್ಜಿ ಹೇಳುತ್ತಿದ್ದರು, ನಾವು ನಂಬಿದ್ದೆವು. ಅದು ವೆನಿಸ್‌ನ ಚಿನ್ನದ ಡುಕಾಟ್ ನಾಣ್ಯದ ನಕಲು. 1284ರಿಂದ 1797ರಲ್ಲಿ ಆ ಗಣರಾಜ್ಯ ಬೀಳುವವರೆಗೂ ಒಂದೇ ಚಿತ್ರ ಹಾಕಿ ಹೊಡೆದರು: ಸಂತ ಮಾರ್ಕನ ಮುಂದೆ ಮಂಡಿಯೂರಿದ ದೊರೆ, ನಡುವೆ ಧ್ವಜದ ಕೋಲು. ತೂಕ ಮೂರೂವರೆ ಗ್ರಾಮ್, ಚಿನ್ನ ಅಪ್ಪಟ. ನಮ್ಮ ಕಡೆಯ ಮೆಣಸು ಅರಬರ ಕೈ ದಾಟಿ ಅಲೆಕ್ಸಾಂಡ್ರಿಯಾದಲ್ಲಿ ವೆನಿಸ್‌ನವರ ಹಡಗು ಹತ್ತುತ್ತಿತ್ತು, ಆ ನಾಣ್ಯ ಅದೇ ದಾರಿ ಹಿಡಿದು ಇತ್ತ ಬರುತ್ತಿತ್ತು. ಬಂದದ್ದನ್ನು ನೋಡಿ ನಮ್ಮ ಅಕ್ಕಸಾಲಿಗರು ಅಚ್ಚು ಮಾಡಿ ಸರ ಪೋಣಿಸಿದರು. ಸಾನ್ ಮಾರ್ಕೋದ ಪಕ್ಕ, ನೀರಿಗೆ ಮುಖ ಮಾಡಿ ಹಳೆಯ ಟಂಕಸಾಲೆಯ ಕಟ್ಟಡ ಇನ್ನೂ ಇದೆ, ಹೆಸರು ‘ಜೆಕ್ಕಾ’. ಈಗ ಗ್ರಂಥಾಲಯದ ಭಾಗ. ಸರವನ್ನು ಕೊಂಡುಹೋಗಲು ಧೈರ್ಯ ಬರಲಿಲ್ಲ, ಲಾಕರಿನಿಂದ ತೆಗೆದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡಿದ್ದೆ. ಆ ಗೋಡೆಯ ಮುಂದೆ ನಿಂತು ಮೊಬೈಲ್ ತೆರೆದು ಎರಡನ್ನೂ ನೋಡಿದೆ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಹತ್ತು ನಿಮಿಷಕ್ಕೆ “ಹೋಗೋಣವೇ” ಎನ್ನುತ್ತಿದ್ದರು. ನಾನು ಮುಕ್ಕಾಲು ಗಂಟೆ ನಿಂತೆ.

ಅದು ವ್ಯಾಪಾರಿಗಳ ಊರು, ಟೀಚರ್. ಹನಿಮೂನಿನವರು ಆಮೇಲೆ ಬಂದದ್ದು. ಮೆಣಸಿನ ಕರಾವಳಿಯಿಂದ ಹೋಗುವವರಿಗೆ ಅಲ್ಲಿ ಹಳೆಯ ಲೆಕ್ಕ ಇದೆ. ರಿಯಾಲ್ತೋ ಮಾರುಕಟ್ಟೆಯ ಹತ್ತಿರ ‘ರೂಗಾ ದೆಯಿ ಸ್ಪೆಸಿಯೇರಿ’ ಎಂಬ ಬೀದಿ ಸಿಗುತ್ತದೆ. ಸಾಂಬಾರ ಪದಾರ್ಥದವರ ಬೀದಿ. ಯಾರ ಜೊತೆ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದರೆ, ಬಾಕಿ ವಸೂಲಿಗೆ ಎನ್ನಿ.

ಬಿಜೈ ಟೀಚರ್

ಅಕ್ಕ, ಇದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಗಣಿತದವರು ನೀರಿನ ಬಾಟಲಿ ಕೆಳಗಿಟ್ಟು ಪುತ್ತಳಿ ಸರದ ಭಾಗವನ್ನು ಮತ್ತೊಮ್ಮೆ ಓದಲು ಹೇಳಿದರು. ಮೆಸ್ತ್ರೆಯ ಕೋಣೆ ರದ್ದು. ಇನ್ನು ಉಳಿದದ್ದು ನೀರಿನ ಭಯ ಮತ್ತು ಗೊಂಡೋಲಾದ ಆಸೆ.

ಮಲ್ಪೆ ಇಂಜಿನ್ ರೂಮ್

ಮರ್ಚೆಂಟ್ ನೇವಿಯಲ್ಲಿದ್ದಾಗ ನಾನು ವೆನಿಸ್ ಕಂಡದ್ದು ಮಾರ್ಗೇರಾ ಬಂದರಿನ ಕಡೆಯಿಂದ, ಅಂದರೆ ಮನೆಯನ್ನು ಹಿತ್ತಿಲ ಬಾಗಿಲಿನಿಂದ ನೋಡಿದ ಹಾಗೆ. ಆದರೂ ನೀರಿನ ವಿಷಯ ನಾನು ಹೇಳಬಹುದು.

ಅಲ್ಲಿ ಉಕ್ಕುವುದು ಮಳೆಯ ನೀರಲ್ಲ. ಭರತದ ಹೊತ್ತಿಗೆ ಆಗ್ನೇಯ ಮೂಲೆಯಿಂದ ಶಿರೋಕ್ಕೋ ಎಂಬ ಗಾಳಿ ಬೀಸಿದರೆ ಆಡ್ರಿಯಾಟಿಕ್ ಸಮುದ್ರದ ನೀರು ಉತ್ತರದ ತುದಿಗೆ ಒತ್ತಿಕೊಂಡು ಬಂದು ಹಿನ್ನೀರಿಗೆ ನುಗ್ಗುತ್ತದೆ. ಕೆಲವೇ ಗಂಟೆ, ಇಳಿತ ಬಂದಾಗ ಇಳಿಯುತ್ತದೆ. 1966ರ ನವೆಂಬರ್ 4ರಂದು 194 ಸೆಂಟಿಮೀಟರ್ ಏರಿತ್ತು, 2019ರ ನವೆಂಬರ್‌ನಲ್ಲಿ 187. ಈಗ ಸಮುದ್ರದ ಮೂರು ಅಳಿವೆಗಳಲ್ಲಿ 78 ಕಬ್ಬಿಣದ ಬಾಗಿಲುಗಳಿವೆ. ಸಾಮಾನ್ಯ ದಿನಗಳಲ್ಲಿ ಒಳಗೆ ನೀರು ತುಂಬಿಕೊಂಡು ತಳದಲ್ಲಿ ಮಲಗಿರುತ್ತವೆ. ಗಾಳಿ ತುಂಬಿ ನೀರನ್ನು ಹೊರದೂಡಿದರೆ ಮೇಲೇಳುತ್ತವೆ. ‘ಮೋಸೆ’ ಎಂದು ಹೆಸರು, ಕನ್ನಡದಲ್ಲಿ ಕೇಳಲು ಒಳ್ಳೆಯದಲ್ಲ, ಆದರೆ ಕೆಲಸ ಮಾಡುತ್ತದೆ. 2020ರ ಅಕ್ಟೋಬರ್ 3ರಂದು ಮೊದಲ ಸಲ ಊರನ್ನು ಉಳಿಸಿತು. ಬಾಗಿಲು ಎತ್ತಬೇಕಾದಷ್ಟು ನೀರು ಏರದ ದಿನ ಸಾನ್ ಮಾರ್ಕೋ ಚೌಕ ತಗ್ಗಿನಲ್ಲಿರುವುದರಿಂದ ಪಾದ ಮುಳುಗಬಹುದು, ನಡೆಯಲು ಹಲಗೆ ಹಾಕುತ್ತಾರೆ. ಜುಲೈಯಲ್ಲಿ ಮಂಗಳೂರಿನ ರಸ್ತೆ ದಾಟಿ ಶಾಲೆಗೆ ಹೋಗುವವರಿಗೆ ಇದು ಲೆಕ್ಕಕ್ಕಿಲ್ಲ. ಮಳೆಗಾಲದ ಚಪ್ಪಲಿ ಒಂದು ಜೊತೆ ಹಾಕಿಕೊಳ್ಳಿ.

ಗೊಂಡೋಲಾಕ್ಕೆ ನಗರಾಡಳಿತ ನಿಗದಿ ಮಾಡಿದ ದರ ಹಗಲಲ್ಲಿ ಅರ್ಧ ಗಂಟೆಗೆ 90 ಯೂರೋ, ಒಂಬತ್ತು ಸಾವಿರ ರೂಪಾಯಿಗೂ ಮೇಲೆ. ಅದು ದೋಣಿಗೆ, ತಲೆಗಲ್ಲ. ಒಬ್ಬರು ಕೂತರೂ ಅಷ್ಟೇ, ಐವರು ಕೂತರೂ ಅಷ್ಟೇ. ನೀವು ‘ತ್ರಾಗೆತ್ತೋ’ ಹಿಡಿಯಿರಿ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವುದಿಲ್ಲವೇ, ಹಾಗೆ ದೊಡ್ಡ ಕಾಲುವೆಯನ್ನು ಅಡ್ಡ ದಾಟಿಸುವ ದೋಣಿ. ಅದೂ ಗೊಂಡೋಲಾವೇ, ಮಖಮಲ್ಲಿನ ಕುರ್ಚಿ ಇಲ್ಲ, ಹುಟ್ಟು ಹಾಕುವವರು ಇಬ್ಬರು, ದರ 2 ಯೂರೋ. ಸಾಂತಾ ಸೋಫಿಯಾದಿಂದ ದಾಟಿದರೆ ಎದುರಿಗೇ ಮೀನು ಮಾರುಕಟ್ಟೆ. ನಿಮಗೆ ಮೀನು ಬೇಡವಾದರೂ ನೋಡಲು ಅಡ್ಡಿಯಿಲ್ಲ. ಸಾಂತಾ ಮಾರ್ಗೆರೀತಾ ಚೌಕದಲ್ಲಿ ಒಂದು ಹಳೆಯ ಕಲ್ಲುಫಲಕವಿದೆ, ಯಾವ ಮೀನು ಎಷ್ಟು ಉದ್ದಕ್ಕಿಂತ ಕಡಿಮೆಯಿದ್ದರೆ ಮಾರಬಾರದು ಎಂದು ಕೆತ್ತಿದ್ದಾರೆ. ಬೂತಾಯಿಯ ಜಾತಿಗೆ 7 ಸೆಂಟಿಮೀಟರ್. ಮಲ್ಪೆ ಬಂದರಿನಲ್ಲಿ ಮರಿಮೀನು ಇಳಿಸುವುದನ್ನು ಕಂಡಾಗಲೆಲ್ಲ ಆ ಕಲ್ಲನ್ನು ತಂದು ಇಲ್ಲಿ ನೆಡಬೇಕು ಎನ್ನಿಸುತ್ತದೆ.

ದೋಣಿ ಬಸ್ಸಿಗೆ 75 ನಿಮಿಷದ ಟಿಕೆಟ್ 9.50 ಯೂರೋ, ದುಬಾರಿ. ಮೂರು ದಿನದ ಪಾಸ್ 45. ಹತ್ತುವ ಮೊದಲು ಯಂತ್ರಕ್ಕೆ ತೋರಿಸಿ, ಮರೆತರೆ ದಂಡ. ಜನ ಒತ್ತಿಕೊಂಡಿರುವಾಗ ಕೈಚೀಲ ಎದೆಯ ಮುಂದಿರಲಿ. 1ನೆಯ ನಂಬರಿನ ದೋಣಿ ದೊಡ್ಡ ಕಾಲುವೆಯುದ್ದಕ್ಕೂ ನಿಲ್ಲಿಸಿಕೊಂಡು ಹೋಗುತ್ತದೆ. ಕೆಲವು ದೋಣಿಗಳಿಗೆ ಮುಂದುಗಡೆ ಹೊರಗೆ ಕೂರುವ ಆಸನಗಳಿವೆ. ಖಾಲಿ ಉಳಿಯುವುದು ಸಾಧಾರಣವಾಗಿ ಒಂದೇ. ಜೋಡಿಗಳಿಗೆ ಅದು ಸಾಲದು.

ಬಿಜೈ ಟೀಚರ್

ಕನ್ನಾರೆಜೋದಲ್ಲಿ ನಾಲ್ಕು ರಾತ್ರಿಗೆ ಕೋಣೆ ಸಿಕ್ಕಿತು. ಹತ್ತಿರದ ಚರ್ಚ್, ಹತ್ತಿರದ ಸೇತುವೆ ಎರಡನ್ನೂ ಕೇಳಿ ಬರೆದಿಟ್ಟುಕೊಂಡೆ. ಬರುವ ವಾರ ವೀಸಾಕ್ಕೆ ಬೆಂಗಳೂರು. ಅಣ್ಣ ಕಾಶಿಯ ಮಾತು ನಿಲ್ಲಿಸಿ ಈಗ ವಿಮೆಯ ಕಾಗದ ಓದುತ್ತಿದ್ದಾನೆ.

ನಿನ್ನೆ ರಾತ್ರಿ ಅತ್ತಿಗೆ ನನ್ನ ಕೋಣೆಗೆ ಬಂದು, ಬಾಗಿಲು ಮುಂದಕ್ಕೆ ದೂಡಿ, ಆ ಕೋಣೆಯಲ್ಲಿ ಎಷ್ಟು ಮಂಚ ಎಂದು ಕೇಳಿದರು.

ಕಾರ್‌ಸ್ಟ್ರೀಟ್ ಅಕ್ಕ

ಈ ಸಲ ಒಬ್ಬರೇ ಹೋಗಿ. ಅವರ ಬಳಿ ಪಾಸ್‌ಪೋರ್ಟ್ ಇದೆಯೇ?

ಬಿಜೈ ಟೀಚರ್

ಇಲ್ಲ. ಅರ್ಜಿ ಹಾಕಿದ್ದಾರಂತೆ. ಅಣ್ಣನಿಗೆ ಗೊತ್ತಿಲ್ಲ.